ಕೆಲಸಕ್ಕೆ ಸಾಕ್ಷಿ ಯಾರು?

(ಒಂಟಾರಿಯೊ ಪ್ರಾಂತದ ಮಿಸಿಸಾಗಾದಲ್ಲಿ, ಹೊಸದಾಗಿ ಕೆನಡಾಕ್ಕೆ ಬಂದ ಕನ್ನಡಿಗ ಎಂಜಿನಿಯರ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೋರಿಕೆ. ಊರಿನಲ್ಲಿ ನಿಮ್ಮ ಮೇಲಧಿಕಾರಿಯಾಗಿದ್ದವರು, ನಿಮ್ಮ ಡ್ರಾಯಿಂಗ್ ತಿದ್ದಿಕೊಟ್ಟವರು, ಸೈಟಿನಲ್ಲಿ ನಿಮ್ಮ ಜೊತೆ ನಿಂತು ಕಾಂಕ್ರೀಟ್ ಹಾಕಿಸಿದವರು ಇದ್ದಾರಲ್ಲ, ಈ ವಾರ ಅವರಿಗೆ ಫೋನ್ ಮಾಡಿ. ಯೋಗಕ್ಷೇಮ ವಿಚಾರಿಸಿ. ಇನ್ನೂ ಅದೇ ಕಚೇರಿಯಲ್ಲಿದ್ದಾರೆಯೇ, ನಿವೃತ್ತರಾಗಿದ್ದಾರೆಯೇ, ಈಗ ಯಾವ ಇಮೇಲ್ ಬಳಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಪದವಿ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಮಾಡಿಸಿ, ಎಂಟು ಸೆಮಿಸ್ಟರಿನ ಅಂಕಪಟ್ಟಿಗಳನ್ನು ಜೋಪಾನವಾಗಿ ಜೋಡಿಸಿ ನೀವು ಇಲ್ಲಿಗೆ ತಂದಿದ್ದೀರಿ. ಆದರೆ ಇಲ್ಲಿ ಎಂಜಿನಿಯರ್ ಪರವಾನಗಿ ಪಡೆಯುವಾಗ ಅತ್ಯಂತ ಕಷ್ಟದಿಂದ ಸಿಗುವ ದಾಖಲೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ನೆನಪು. ಅದು ಸೂಟ್‌ಕೇಸಿನಲ್ಲಿ ಬರುವುದಿಲ್ಲ, ವರ್ಷ ಕಳೆದಂತೆ ಮಸುಕಾಗುತ್ತದೆ. ಇನ್ನೂ ವಿಮಾನ ಹತ್ತದ ಗೆಳೆಯರು ಊರಿನಲ್ಲಿದ್ದರೆ ಈ ಮಾತನ್ನು ಅವರಿಗೂ ತಲುಪಿಸಿ.

ಈಗ ಪರವಾನಗಿಯ ವಿಷಯ. ಕೆನಡಾದಲ್ಲಿ ಎಂಜಿನಿಯರಿಂಗ್ ವೃತ್ತಿಯನ್ನು ನಿಯಂತ್ರಿಸುವುದು ಪ್ರಾಂತಗಳು, ಒಟ್ಟಾವಾದ ಕೇಂದ್ರ ಸರ್ಕಾರವಲ್ಲ. ದೇಶದಲ್ಲಿ ಇಂಥ ಹನ್ನೆರಡು ನಿಯಂತ್ರಣ ಸಂಸ್ಥೆಗಳಿವೆ. ನಮ್ಮ ಪ್ರಾಂತದ್ದು ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೊ, ಎಲ್ಲರ ಬಾಯಲ್ಲಿ ಪಿಇಒ. ಇದು 1922ರಿಂದ ಇದೆ. ಇದು ಕೊಡುವ ಪರವಾನಗಿ ಇದ್ದವರು ಹೆಸರಿನ ನಂತರ ಪಿ.ಎಂಜ್. (ಪ್ರೊಫೆಷನಲ್ ಎಂಜಿನಿಯರ್) ಎಂದು ಬರೆದುಕೊಳ್ಳಬಹುದು, ನಕ್ಷೆ ಮತ್ತು ವರದಿಗಳಿಗೆ ತಮ್ಮ ಮುದ್ರೆ ಒತ್ತಬಹುದು. ಪರವಾನಗಿ ಇಲ್ಲದವರು ತಮ್ಮನ್ನು ಪ್ರೊಫೆಷನಲ್ ಎಂಜಿನಿಯರ್ ಎಂದು ಕರೆದುಕೊಂಡರೆ ಅದು ಕಾನೂನುಬಾಹಿರ. ವಿಸಿಟಿಂಗ್ ಕಾರ್ಡ್ ಮಾಡಿಸುವಾಗ, ಲಿಂಕ್ಡ್‌ಇನ್‌ನಲ್ಲಿ ಹುದ್ದೆಯ ಹೆಸರು ಬರೆಯುವಾಗ ಇದು ನೆನಪಿರಲಿ.

ಹಾಗೆಂದು ಪರವಾನಗಿ ಸಿಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪರವಾನಗಿ ಇರುವ ಎಂಜಿನಿಯರ್ ಒಬ್ಬರು ನಿಮ್ಮ ಕೆಲಸದ ಹೊಣೆ ಹೊತ್ತುಕೊಂಡರೆ ನೀವು ವಿನ್ಯಾಸದ ಕೆಲಸವನ್ನು ಮಾಡಬಹುದು, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಡಿಸೈನರ್, ಪ್ರಾಜೆಕ್ಟ್ ಕೋಆರ್ಡಿನೇಟರ್ ಎಂಬ ಹೆಸರಿನ ಹುದ್ದೆಗಳಲ್ಲಿ ನಮ್ಮವರು ಅನೇಕರಿದ್ದಾರೆ. ಸಾಫ್ಟ್‌ವೇರ್‌ನಲ್ಲಿರುವವರಲ್ಲಿ ಹೆಚ್ಚಿನವರಿಗೆ ಪರವಾನಗಿಯ ಗೊಡವೆಯೇ ಬರುವುದಿಲ್ಲ. ಕಟ್ಟಡ, ಸೇತುವೆ, ನೀರು, ವಿದ್ಯುತ್, ಮಣ್ಣು ಇವುಗಳ ಜೊತೆ ಬದುಕು ಕಟ್ಟಿಕೊಂಡವರಿಗೆ ಮಾತ್ರ, ಮುದ್ರೆಯಿಲ್ಲದೆ ಒಂದು ಹಂತದ ಮೇಲೆ ಏರಲು ಆಗುವುದಿಲ್ಲ.

ಇಷ್ಟೊಂದು ಬಿಗಿ ಏಕೆ ಎಂದು ನಮಗೆ ಅನ್ನಿಸುವುದು ಸಹಜ, ಏಕೆಂದರೆ ನಾವು ಬಂದ ದೇಶದಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ. ಭಾರತದಲ್ಲಿ ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ವಕೀಲರಿಗೂ ವೈದ್ಯರಿಗೂ ತಮ್ಮ ತಮ್ಮ ಪರಿಷತ್ತುಗಳಿವೆ. ಎಂಜಿನಿಯರ್‌ಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾಯ್ದೆ ಇಲ್ಲ. ಬಿ.ಇ. ಮುಗಿಸಿದ ದಿನವೇ ನಾವು ಎಂಜಿನಿಯರ್. ನಗರಸಭೆಗಳಲ್ಲಿ ನೋಂದಣಿ ಇದೆ, ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿಯಿರುವ, 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಪ್ರಮಾಣಪತ್ರವನ್ನೂ ಕೊಡುತ್ತದೆ. ಆದರೆ ತಪ್ಪು ಮಾಡಿದರೆ ವೃತ್ತಿಯಿಂದಲೇ ಹೊರಗಿಡುವ ಮಂಡಳಿ ನಮಗಿಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಜನ ಸತ್ತಾಗ ನನ್ನ ಮನಸ್ಸಿಗೆ ಬಂದ ಮೊದಲ ಪ್ರಶ್ನೆ, ಅದರ ನಕ್ಷೆಯ ಮೇಲೆ ಯಾರ ಹೊಣೆಯಿತ್ತು ಎಂಬುದು. ನಮ್ಮ ದೇಶಕ್ಕೂ ಇಂಥ ಕಾಯ್ದೆ ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕೆನಡಾ ಕೂಡ ಇದನ್ನು ಸುಮ್ಮನೆ ಕಲಿಯಲಿಲ್ಲ. 1907ರ ಆಗಸ್ಟ್ 29ರಂದು ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು 75 ಕಾರ್ಮಿಕರು ಸತ್ತರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕಾನಾವಾಗೆ ಎಂಬ ಒಂದೇ ಮೂಲನಿವಾಸಿ ಊರಿನ ಉಕ್ಕಿನ ಕೆಲಸಗಾರರು. ಸೇತುವೆಯ ಎರಡು ಮುಖ್ಯ ಕಂಬಗಳ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹೆಚ್ಚಿಸಿದ್ದರು, ಆದರೆ ಸೇತುವೆಯ ಸ್ವಂತ ತೂಕವನ್ನು ಅದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿರಲಿಲ್ಲ. ಒತ್ತಡಕ್ಕೆ ಸಿಕ್ಕ ಕೆಳಭಾಗದ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಸೈಟಿನಲ್ಲಿದ್ದವರು ಕಂಡಿದ್ದರು. ಅಂತಿಮ ಮಾತು ಹೇಳಬೇಕಾದ ಸಲಹೆಗಾರರು ದೂರದ ನ್ಯೂಯಾರ್ಕ್‌ನಲ್ಲಿದ್ದರು. ಎಚ್ಚರಿಕೆ ಸಕಾಲಕ್ಕೆ ತಲುಪಲಿಲ್ಲ. 1916ರಲ್ಲಿ ಅದೇ ಸೇತುವೆಯ ನಡುಭಾಗವನ್ನು ಮೇಲೆತ್ತುವಾಗ ಅದೂ ಬಿದ್ದು ಇನ್ನೂ 13 ಜನ ಸತ್ತರು. ಇಲ್ಲಿ ಓದಿದ ಎಂಜಿನಿಯರ್‌ಗಳು ಕಿರುಬೆರಳಿಗೆ ತೊಡುವ ಕಬ್ಬಿಣದ ಉಂಗುರ ನೋಡಿರುತ್ತೀರಿ. ಆ ಉಂಗುರವನ್ನು ಬಿದ್ದ ಸೇತುವೆಯ ಕಬ್ಬಿಣದಿಂದ ಮಾಡಿದರು ಎಂಬ ಕಥೆ ಎಲ್ಲೆಡೆ ಹಬ್ಬಿದೆ, ಅದು ನಿಜವಲ್ಲ. 1925ರಲ್ಲಿ ಆರಂಭವಾದ ಒಂದು ಪ್ರತಿಜ್ಞಾ ಸಮಾರಂಭದಲ್ಲಿ ಕೊಡುವ ಉಂಗುರ ಅದು. ಪರವಾನಗಿಗೂ ಅದಕ್ಕೂ ಸಂಬಂಧವಿಲ್ಲ. ಅದು ಬೆರಳಲ್ಲಿ ಇಲ್ಲವೆಂದು ಯಾರೂ ಕುಗ್ಗಬೇಕಾಗಿಲ್ಲ.

ಹತ್ತಿರದ ಕಾಲದ್ದು ಬೇಕೆಂದರೆ ನಮ್ಮ ಪ್ರಾಂತದ ಉತ್ತರದಲ್ಲಿ ಎಲಿಯಟ್ ಲೇಕ್ ಎಂಬ ಸಣ್ಣ ಊರಿದೆ. ಅಲ್ಲಿನ ಮಾಲ್‌ನ ಚಾವಣಿಯ ಮೇಲೆಯೇ ಕಾರು ನಿಲ್ಲಿಸುತ್ತಿದ್ದರು. ಕಟ್ಟಿದಂದಿನಿಂದ ಚಾವಣಿ ಸೋರುತ್ತಿತ್ತು. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಕಾರುಗಳ ಜೊತೆ ಮೇಲೇರಿ, ನೀರಿನೊಡನೆ ಕೆಳಗಿಳಿದು, ಮೂರು ದಶಕ ಉಕ್ಕಿನ ಜೋಡಣೆಗಳನ್ನು ತಿಂದಿತು. 2012ರ ಜೂನ್ 23ರಂದು ಚಾವಣಿಯ ಒಂದು ಭಾಗ ಕುಸಿದು ಇಬ್ಬರು ಮಹಿಳೆಯರು ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ಪರಿಶೀಲನೆ ನಡೆದು, ಕಟ್ಟಡ ಗಟ್ಟಿಯಾಗಿದೆ ಎಂಬ ವರದಿ ಬಂದಿತ್ತು. ಪರವಾನಗಿಯ ಬಗ್ಗೆ ಯಾರು ಕೇಳಿದರೂ ನಾನು ಈ ಎರಡು ಘಟನೆಗಳನ್ನು ಹೇಳದೆ ಬಿಡುವುದಿಲ್ಲ. ಪಿಇಒದಂಥ ಮಂಡಳಿ ನಿಮ್ಮ ಬುದ್ಧಿಯನ್ನು ಅನುಮಾನಿಸುತ್ತಿಲ್ಲ. ನೀವು ಸಹಿ ಹಾಕಿದ ಕಟ್ಟಡದ ಕೆಳಗೆ ನಡೆಯುವವರ ಪರವಾಗಿ ಅದು ಕೇಳುತ್ತಿದೆ.

ಕೇಳುವುದೇನು? ಪದವಿ, ಪರೀಕ್ಷೆ, ಅನುಭವ.

ಪದವಿಯ ವಿಷಯದಲ್ಲಿ ಒಂದು ಗೊಂದಲವನ್ನು ಮೊದಲು ಬಿಡಿಸುತ್ತೇನೆ. ವಲಸೆ ಅರ್ಜಿಗಾಗಿ ಮಾಡಿಸಿದ ಶೈಕ್ಷಣಿಕ ಮೌಲ್ಯಮಾಪನದಲ್ಲಿ ನಿಮ್ಮ ಬಿ.ಇ. ಇಲ್ಲಿನ ಪದವಿಗೆ ಸಮ ಎಂದು ಬರೆದಿರುತ್ತದೆ. ಅದು ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯ ಅಂಕಗಳಿಗೆ ಸಾಕು, ಪರವಾನಗಿಗೆ ಸಾಲದು. ಯಾವ ವಿಷಯಗಳನ್ನು ಎಷ್ಟು ಆಳವಾಗಿ ಓದಿದ್ದೀರಿ ಎಂಬುದನ್ನು ಮಂಡಳಿ ಬೇರೆಯಾಗಿಯೇ ನೋಡುತ್ತದೆ. ಇನ್ನೊಂದು ಗೊಂದಲ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ್ದು. 1989ರಲ್ಲಿ ಅದಕ್ಕೆ ಸಹಿ ಹಾಕಿದ ಮೊದಲ ಆರು ದೇಶಗಳಲ್ಲಿ ಕೆನಡಾ ಒಂದು. ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯವಾಯಿತು. ಹಾಗಾದರೆ ನಮ್ಮ ಪದವಿ ಪೂರ್ತಿ ಮಾನ್ಯವಾಯಿತಲ್ಲ ಎಂದು ಹಿಗ್ಗುವವರು ತಾಳಬೇಕು. ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಮೊದಲ ಶ್ರೇಣಿಯಲ್ಲಿ ಮಾನ್ಯ ಮಾಡಿದ ಕೋರ್ಸುಗಳು ಮಾತ್ರ ಆ ಒಪ್ಪಂದದೊಳಗೆ ಬರುತ್ತವೆ. ಆ ಶ್ರೇಣಿ ಸ್ವಾಯತ್ತ ಕಾಲೇಜುಗಳಿಗೆ ಮತ್ತು ವಿಶ್ವವಿದ್ಯಾಲಯಗಳಿಗೆ ಮೀಸಲು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜಿತವಾದ, ಸ್ವಾಯತ್ತವಲ್ಲದ ಕಾಲೇಜುಗಳು ಎರಡನೇ ಶ್ರೇಣಿಯವು. ಒಪ್ಪಂದದೊಳಗೆ ಬಂದರೂ ಅದು ಪದವಿಯ ಸಮಾನತೆಯನ್ನು ಕುರಿತದ್ದು, ಪರವಾನಗಿ ಕೊಡುವ ಅಧಿಕಾರ ಆಯಾ ಪ್ರಾಂತದ ಮಂಡಳಿಯದೇ. ಹೊರದೇಶದ ಪದವಿಯವರು ತಮ್ಮ ಓದನ್ನು ತಾಂತ್ರಿಕ ಪರೀಕ್ಷೆಯ ಮೂಲಕ ದೃಢಪಡಿಸಬೇಕಾಗಿ ಬರಬಹುದು. ಅದಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ, ಅವಮಾನ ಎಂದುಕೊಳ್ಳಬೇಡಿ. ಬಿಟ್ಟು ಹತ್ತು ವರ್ಷವಾದ ಮಣ್ಣಿನ ಯಂತ್ರಶಾಸ್ತ್ರದ ಪುಸ್ತಕವನ್ನು ಮತ್ತೆ ತೆರೆಯುವುದು ಕಷ್ಟ, ಆದರೆ ಅದು ಅಪರಿಚಿತ ಪುಸ್ತಕವಲ್ಲ.

ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಶ್ವವಿದ್ಯಾಲಯವೇ ಕೊಡುವ ಓದಿನ ದಾಖಲೆ, ತರಿಸುವ ಕೆಲಸವನ್ನು ಆದಷ್ಟು ಬೇಗ ಶುರು ಮಾಡಿ. ವಿಟಿಯು ಸ್ಥಾಪನೆಯಾದದ್ದು 1998ರಲ್ಲಿ. ಅದಕ್ಕೂ ಮುಂಚೆ ಓದಿದವರ ದಾಖಲೆ ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು, ಗುಲ್ಬರ್ಗ ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿದೆ. ನೀವು ಓದಿದ ವರ್ಷದ ಸಿಲೆಬಸ್ ಪ್ರತಿಯನ್ನೂ ಕಾಲೇಜಿನಿಂದ ದೃಢೀಕರಿಸಿ ತರಿಸಿಟ್ಟುಕೊಳ್ಳಿ. ಪಠ್ಯಕ್ರಮ ಬದಲಾದ ಮೇಲೆ ಹಳೆಯದನ್ನು ಹುಡುಕಿಕೊಡುವವರು ಸಿಗುವುದು ಕಷ್ಟ.

ಇನ್ನು ಅನುಭವ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಒಂಟಾರಿಯೊದಲ್ಲಿ 48 ತಿಂಗಳ ಎಂಜಿನಿಯರಿಂಗ್ ಅನುಭವ ಬೇಕು. ನಾನು ಬಂದಾಗ ಅದರಲ್ಲಿ 12 ತಿಂಗಳು ಕೆನಡಾದಲ್ಲೇ, ಇಲ್ಲಿನ ಪರವಾನಗಿದಾರರ ಕೈಕೆಳಗೆ ಆಗಿರಬೇಕೆಂಬ ನಿಯಮವಿತ್ತು. ಪರವಾನಗಿ ಇಲ್ಲದೆ ಕೆಲಸ ಕೊಡುತ್ತಿರಲಿಲ್ಲ, ಕೆಲಸ ಇಲ್ಲದೆ ಪರವಾನಗಿ ಸಿಗುತ್ತಿರಲಿಲ್ಲ. ಒಂದು ಸಲಹಾ ಸಂಸ್ಥೆಯಲ್ಲಿ ನಾನು ವಿನ್ಯಾಸ ಮಾಡಿಕೊಟ್ಟೆ, ಅದನ್ನು ಬಳಸಿಕೊಂಡರು, ಆದರೆ ನನ್ನ ಅನುಭವಕ್ಕೆ ಸಹಿ ಹಾಕುವ ಮಾತು ಬಂದಾಗ ತಿಂಗಳುಗಟ್ಟಲೆ ಮುಂದೂಡಿದರು. ಆ ದಿನಗಳ ಕಹಿ ನನ್ನಲ್ಲಿ ಇನ್ನೂ ಇದೆ. ಪಕ್ಕದ ಬ್ರಾಂಪ್ಟನ್‌ನ ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡಿದ ಎಷ್ಟೋ ಒಳ್ಳೆಯ ಎಂಜಿನಿಯರ್‌ಗಳು ಈ ನಿಯಮದಿಂದಾಗಿ ವೃತ್ತಿಯನ್ನೇ ಬಿಟ್ಟರು. ಕೆನಡಾದ ಅನುಭವವೇ ಬೇಕೆಂದು ಪಟ್ಟು ಹಿಡಿಯುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತು. ನಿಯಮ ಬಿದ್ದದ್ದು 2023ರ ಮೇ ತಿಂಗಳಲ್ಲಿ. ನಿಯಂತ್ರಿತ ವೃತ್ತಿಗಳ ಕಾಯ್ದೆಗೆ ಪ್ರಾಂತ ಸರ್ಕಾರ ತಂದ ತಿದ್ದುಪಡಿಯ ಫಲ ಅದು. ತಡವಾಗಿ ಬಂದರೂ ಅದು ನ್ಯಾಯ. ನಿಮಗಿಂತ ಮುಂಚೆ ಬಂದು ಸೋತವರು ಎತ್ತಿದ ದನಿಯಿಂದಾಗಿ ನಿಮಗೆ ಈ ಬಾಗಿಲು ತೆರೆದಿದೆ ಎಂಬುದನ್ನು ಮರೆಯಬೇಡಿ. ಕೆಲಸ ಕೊಡುವವರ ಮನಸ್ಸಿನಲ್ಲಿ ಆ ನಿಯಮ ಪೂರ್ತಿ ಅಳಿದಿಲ್ಲ, ಸಂದರ್ಶನಗಳಲ್ಲಿ ಇನ್ನೂ ಎದುರಾಗುತ್ತದೆ. ಮಂಡಳಿಯ ಮುಂದೆ ಮಾತ್ರ ಹುಬ್ಬಳ್ಳಿಯ ಅನುಭವಕ್ಕೂ ಇಲ್ಲಿನ ಹ್ಯಾಮಿಲ್ಟನ್‌ನ ಅನುಭವಕ್ಕೂ ಈಗ ಬೆಲೆಯಿದೆ.

ಆ ಅನುಭವವನ್ನು ತೋರಿಸುವ ಬಗೆಯೂ ಬದಲಾಗಿದೆ. ಏಳು ಗುಂಪುಗಳಲ್ಲಿ ಒಟ್ಟು 34 ಸಾಮರ್ಥ್ಯಗಳ ಪಟ್ಟಿಯಿದೆ. ತಾಂತ್ರಿಕ ಜ್ಞಾನ, ಸಂವಹನ, ಯೋಜನೆ ಮತ್ತು ಹಣಕಾಸಿನ ನಿರ್ವಹಣೆ, ತಂಡದ ಕೆಲಸ, ವೃತ್ತಿಪರ ಹೊಣೆಗಾರಿಕೆ, ಸಮಾಜ ಮತ್ತು ಪರಿಸರದ ಮೇಲಿನ ಪರಿಣಾಮ, ನಿರಂತರ ಕಲಿಕೆ. ಪ್ರತಿಯೊಂದು ಸಾಮರ್ಥ್ಯಕ್ಕೂ ನಿಮ್ಮ ಕೆಲಸದಿಂದಲೇ ಒಂದು ನಿಜವಾದ ಪ್ರಸಂಗ ಬರೆಯಬೇಕು: ಸಂದರ್ಭ ಏನಿತ್ತು, ನೀವು ಏನು ಮಾಡಿದಿರಿ, ಫಲ ಏನಾಯಿತು. ಅದನ್ನು ಆಗ ನಿಮ್ಮ ಕೆಲಸ ಕಂಡವರು ಓದಿ ಹೌದು ಎಂದು ದೃಢೀಕರಿಸಬೇಕು. ಊರಿಗೆ ಫೋನ್ ಮಾಡಿ ಎಂದದ್ದು ಇದಕ್ಕೇ.

ನಮ್ಮವರ ಬರಹಗಳನ್ನು ಓದಿಕೊಟ್ಟು ಬಹಳ ಕಾಲವಾಯಿತು. ಎಲ್ಲರಲ್ಲೂ ಕಾಣುವ ತೊಡಕು ಒಂದೇ. ಪುಟದ ತುಂಬ 'ನಾವು' ಇರುತ್ತದೆ. ನಾವು ತಳಪಾಯ ಬದಲಿಸಿದೆವು, ನಾವು ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟೆವು. ಹಿರಿಯರ ಮುಂದೆ ನಾನು ನಾನು ಎನ್ನಬಾರದೆಂದು ಬೆಳೆದವರು ನಾವು, ಆ ಸಂಸ್ಕಾರ ಒಳ್ಳೆಯದೇ. ಆದರೆ ಹೊಣೆ ಯಾರದೆಂದು ಕೇಳುವ ಕಾಗದದಲ್ಲಿ ಅದು ನಿಮ್ಮನ್ನು ಮರೆಮಾಡುತ್ತದೆ. ಲೆಕ್ಕ ಹಾಕಿದ್ದು ನೀವಾದರೆ ನೀವೇ ಎಂದು ಬರೆಯಿರಿ. ಬರೀ ಅಳತೆ ತೆಗೆದು ಕೊಟ್ಟಿದ್ದರೆ ಅಷ್ಟನ್ನೇ ಬರೆಯಿರಿ. ಬೇರೆಯವರ ಉತ್ತರವನ್ನು ನಕಲು ಮಾಡಬೇಡಿ, ದುಡ್ಡು ತೆಗೆದುಕೊಂಡು ಬರೆದುಕೊಡುವವರ ಬಳಿ ಹೋಗಬೇಡಿ. ಹೊಣೆಗಾರಿಕೆಗೆ ಕೊಡುವ ಪರವಾನಗಿಯನ್ನು ಸುಳ್ಳಿನ ಮೇಲೆ ಪಡೆಯುವುದು ಸರಿಯಲ್ಲ, ಸಿಕ್ಕಿಬಿದ್ದರೆ ಮುಂದಿನ ದಾರಿಯೇ ಮುಚ್ಚಿಹೋಗಬಹುದು.

ಬರೆಯಲು ಏನಿದೆ ಎಂದು ಹಿಂಜರಿಯುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ರಾಯಚೂರು, ವಿಜಯಪುರ, ಧಾರವಾಡದ ಕಡೆ ಕೆಲಸ ಮಾಡಿದವರಿಗೆ ಎರೆಮಣ್ಣು ಗೊತ್ತು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೇಲಿರುವ ಗೋಡೆಯನ್ನು ಸೀಳುತ್ತದೆ. ಅಂಥ ಮಣ್ಣಿಗೆ ತಳಪಾಯ ಹೇಗೆ ಹಾಕಬೇಕೆಂದು ತೀರ್ಮಾನಿಸಿದ್ದರೆ ಅದು ಪೂರ್ಣ ಪ್ರಮಾಣದ ಎಂಜಿನಿಯರಿಂಗ್ ತೀರ್ಮಾನ. ಇಲ್ಲಿನ ಸಸ್ಕಾಚೆವನ್ ಪ್ರಾಂತದ ರೆಜೈನಾ ನಗರ ನಿಂತಿರುವುದೂ ಉಬ್ಬುವ ಜೇಡಿಮಣ್ಣಿನ ಮೇಲೆಯೇ. ಅಲ್ಲಿನ ಎಂಜಿನಿಯರ್‌ಗೆ ನಿಮ್ಮ ಮಾತು ತಟ್ಟನೆ ಅರ್ಥವಾಗುತ್ತದೆ.

ಇಲ್ಲಿ ಹೊಸದಾಗಿ ಕಲಿಯಬೇಕಾದದ್ದೂ ಇದೆ, ಅದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಊರಿನಲ್ಲಿ ಐಎಸ್ 456 ಎಂಬ ಕಾಂಕ್ರೀಟ್ ಸಂಹಿತೆ ಬಾಯಿಪಾಠವಿದ್ದವರು ಇಲ್ಲಿ ಕಾಂಕ್ರೀಟಿಗೆ ಸಿಎಸ್‌ಎ ಎ23.3 ಎಂಬ ಕೆನಡಾದ ಸಂಹಿತೆ ಓದಬೇಕು. ಟೊರಾಂಟೊ ಸುತ್ತಮುತ್ತ ತಳಪಾಯವನ್ನು ಸಾಮಾನ್ಯವಾಗಿ ನೆಲಮಟ್ಟದಿಂದ 1.2 ಮೀಟರ್ ಕೆಳಗೆ ಇಳಿಸುತ್ತಾರೆ, ಅದಕ್ಕಿಂತ ಮೇಲೆ ಮಣ್ಣಿನ ನೀರು ಹೆಪ್ಪುಗಟ್ಟಿ ಕಟ್ಟಡವನ್ನೇ ಎತ್ತಬಲ್ಲದು. ಎತ್ತರದ ಕಟ್ಟಡಕ್ಕೆ ಅಂಟಿಕೊಂಡ ತಗ್ಗಿನ ಚಾವಣಿಯ ಮೇಲೆ ಗಾಳಿ ಹಿಮವನ್ನು ತಂದು ರಾಶಿ ಹಾಕುತ್ತದೆ, ಆ ಭಾರವನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ನನಗೆ ಅತ್ಯಂತ ಅಚ್ಚರಿ ತಂದದ್ದು ಕಾಂಕ್ರೀಟಿನೊಳಗಿನ ಗಾಳಿ. ವೈಬ್ರೇಟರ್ ಹಿಡಿದು ಗಾಳಿಯನ್ನೆಲ್ಲ ಹೊರಗೆ ಹಾಕಿಸುವುದೇ ಊರಿನಲ್ಲಿ ನಾವು ಕಲಿತ ಪಾಠ. ಇಲ್ಲಿ ಹಿಮ ಮತ್ತು ಉಪ್ಪಿಗೆ ಒಡ್ಡಿಕೊಳ್ಳುವ ಕಾಂಕ್ರೀಟಿಗೆ ರಾಸಾಯನಿಕ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಶೇ 5ರಿಂದ 8ರಷ್ಟು ಉದ್ದೇಶಪೂರ್ವಕವಾಗಿ ತುಂಬಿಸುತ್ತಾರೆ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಜಾಗ ಸಿಗಲಿ ಎಂದು. ಇಂಥವನ್ನು ಕಲಿತದ್ದನ್ನೂ ಬರೆಯಿರಿ, ನಿರಂತರ ಕಲಿಕೆಗೆ ಅದಕ್ಕಿಂತ ಒಳ್ಳೆಯ ಪ್ರಸಂಗ ಬೇಕಿಲ್ಲ.

ವೃತ್ತಿ ನೀತಿ ಮತ್ತು ಕಾನೂನಿನ ಪರೀಕ್ಷೆಯೊಂದು ಉಳಿಯಿತು. ಎರಡೂವರೆ ಗಂಟೆ, 110 ಬಹು ಆಯ್ಕೆಯ ಪ್ರಶ್ನೆಗಳು. ಲೆಕ್ಕ ಇರುವುದಿಲ್ಲ ಎಂದು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ದಾರಿಯಲ್ಲಿ ನನ್ನನ್ನು ಬದಲಿಸಿದ್ದು ಇದರ ಓದು. ಒಂಟಾರಿಯೊದ ನಿಯಮಾವಳಿ ವೃತ್ತಿ ದುರ್ನಡತೆ ಯಾವುದೆಂದು ಪಟ್ಟಿ ಮಾಡುತ್ತದೆ. ಅದರಲ್ಲಿ ಒಂದು ಹೀಗಿದೆ: ನಿಮ್ಮ ತಾಂತ್ರಿಕ ತೀರ್ಮಾನವನ್ನು ತಾಂತ್ರಿಕರಲ್ಲದ ಅಧಿಕಾರಿಗಳು ತಳ್ಳಿಹಾಕಿದಾಗ, ಅದರಿಂದ ಆಗಬಹುದಾದ ಪರಿಣಾಮವನ್ನು ಕೆಲಸ ಕೊಟ್ಟವರಿಗೆ ಸ್ಪಷ್ಟವಾಗಿ ತಿಳಿಸದೆ ಇರುವುದು ದುರ್ನಡತೆ. ಅಂದರೆ ಸುಮ್ಮನಿರುವುದೇ ಅಪರಾಧ. ಮೇಲಿನಿಂದ ಒತ್ತಡ ಬಂತು, ಏನು ಮಾಡಲಿ ಎಂದು ಎಷ್ಟು ಜನ ಸಹಾಯಕ ಎಂಜಿನಿಯರ್‌ಗಳು ನಮ್ಮ ನಡುವೆ ನಿಟ್ಟುಸಿರು ಬಿಟ್ಟಿದ್ದಾರೆ! ಅವರೆಲ್ಲ ಹೇಡಿಗಳಲ್ಲ, ಅವರ ಬೆನ್ನಿಗೆ ಇಂಥ ಸಾಲು ಇರಲಿಲ್ಲ ಅಷ್ಟೇ. ಗುತ್ತಿಗೆದಾರರಿಗೋ ಮಾಲೀಕರಿಗೋ ಬೇಡವೆಂದು ಹೇಳಬೇಕಾದಾಗ, ಹೇಳದಿದ್ದರೆ ನನ್ನ ಪರವಾನಗಿಯೇ ಹೋಗುತ್ತದೆ ಸ್ವಾಮಿ ಎನ್ನಲು ಅವಕಾಶವಿರುವುದು ದೊಡ್ಡ ಬಲ.

ಒಂದು ಪ್ರಾಂತದಲ್ಲಿ ಪರವಾನಗಿ ಸಿಕ್ಕಿದ ಮೇಲೆ ಇನ್ನೊಂದು ಪ್ರಾಂತಕ್ಕೆ ಹೋಗುವುದು ಸುಲಭ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿಲ್ಲ. ಈಗ ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸಹೋದರಿಯೊಬ್ಬರು, ಊರಿನಲ್ಲಿ ಸರ್ಕಾರಿ ಇಲಾಖೆಯಲ್ಲಿದ್ದವರು, ಕೇಳಿದರು: 'ಸರ್, ನಮ್ಮ ಕಾರ್ಯಪಾಲಕ ಎಂಜಿನಿಯರ್ ನಿವೃತ್ತರಾಗಿದ್ದಾರೆ. ಈಗಿರುವವರಿಗೆ ನನ್ನ ಪರಿಚಯವಿಲ್ಲ. ಕಚೇರಿಯವರು ಯಾವ ಪತ್ರವನ್ನೂ ಕೊಡುವುದಿಲ್ಲ ಎನ್ನುತ್ತಾರೆ.'

ನೋಡಿ ಮೇಡಂ, ಇಲ್ಲಿ ಸಾಕ್ಷಿ ಹೇಳುವುದು ವ್ಯಕ್ತಿ, ಲೆಟರ್‌ಹೆಡ್ ಅಲ್ಲ. ಈಗ ಆ ಕುರ್ಚಿಯಲ್ಲಿರುವವರಿಗಿಂತ ಅಂದು ನಿಮ್ಮ ಅಂದಾಜುಪಟ್ಟಿಯನ್ನು ತಿದ್ದಿದವರು ಮುಖ್ಯ. ನಿಮ್ಮ ಕೆಲಸವನ್ನು ತಾಂತ್ರಿಕವಾಗಿ ಹತ್ತಿರದಿಂದ ಬಲ್ಲವರು ಬೇಕು, ನೆಂಟರಾಗಿರಬಾರದು. ಅವರಿಗೆ ಮಂಡಳಿಯಿಂದ ಇಮೇಲ್ ಬರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಅಪರಿಚಿತ ವಿಳಾಸದ ಇಮೇಲ್ ಕಂಡರೆ ತೆರೆಯುವುದೇ ಇಲ್ಲ, ಆದ್ದರಿಂದ ಮೊದಲೇ ಹೇಳಿಡಿ. ನೀವು ಬರೆದದ್ದನ್ನು ಅವರಿಗೂ ಕಳಿಸಿ, ಆ ಕೆಲಸದ ವರ್ಷ, ಜಾಗ, ಅಂದು ನಡೆದ ಚರ್ಚೆಯನ್ನು ನೆನಪಿಸಿ. ಆದರೆ ಅವರು ಏನು ಹೇಳಬೇಕೆಂದು ನೀವು ಬರೆದುಕೊಡಬೇಡಿ. ಒಬ್ಬರನ್ನೇ ನಂಬಿ ಕೂರದೆ, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆಯವರನ್ನು ನೆನಪಿಸಿಕೊಳ್ಳಿ.

ಇನ್ನೊಬ್ಬರು ಎದ್ದು ನಿಂತು ನಿಧಾನವಾಗಿ ಕೇಳಿದರು: 'ನನಗೆ ನಲವತ್ತು ದಾಟಿದೆ. ಗೋದಾಮಿನಲ್ಲಿ ರಾತ್ರಿ ಪಾಳಿ. ಇಬ್ಬರು ಮಕ್ಕಳಿದ್ದಾರೆ. ಇಷ್ಟೆಲ್ಲ ಈಗ ಶುರು ಮಾಡುವುದರಲ್ಲಿ ಅರ್ಥವಿದೆಯೇ ಅಣ್ಣ?'

ನಿಮ್ಮ ಮನೆಯ ಲೆಕ್ಕ ತಿಳಿಯದೆ, ಅರ್ಥವಿದೆ ಎಂದು ನಾನು ಹೇಳಿಬಿಡುವುದು ಅನ್ಯಾಯ. ಮಕ್ಕಳ ಹೊಟ್ಟೆ ತುಂಬಿಸುವ ಯಾವ ಕೆಲಸವೂ ಕೀಳಲ್ಲ. ಆದರೆ ಆಯ್ಕೆ ಎರಡೇ ಇವೆ, ಪೂರ್ಣ ಪರವಾನಗಿ ಅಥವಾ ಗೋದಾಮು ಎಂದುಕೊಳ್ಳಬೇಡಿ. ತಂತ್ರಜ್ಞರಿಗಾಗಿ ಓಆಕೆಟ್ ಎಂಬ ಸಂಸ್ಥೆ ಇಲ್ಲಿದೆ, ಅದು ಸಿ.ಇ.ಟಿ. (ಸರ್ಟಿಫೈಡ್ ಎಂಜಿನಿಯರಿಂಗ್ ಟೆಕ್ನಾಲಜಿಸ್ಟ್) ಎಂಬ ಮಾನ್ಯತೆ ಕೊಡುತ್ತದೆ. ನಗರಪಾಲಿಕೆಗಳಲ್ಲಿ, ಸಾಮಗ್ರಿ ಪರೀಕ್ಷೆಯ ಲ್ಯಾಬ್‌ಗಳಲ್ಲಿ, ಸೈಟ್ ತಪಾಸಣೆಯಲ್ಲಿ ಅಂಥವರು ಬೇಕು. ಅಲ್ಲಿ ಹಗಲಿನ ಕೆಲಸ ಸಿಕ್ಕಿದರೆ ಇಲ್ಲಿನ ಸಂಹಿತೆಗಳು ಕೈಗೆ ಹತ್ತುತ್ತವೆ, ನಾಳೆ ನಿಮ್ಮ ಪರವಾಗಿ ಹೌದು ಎನ್ನುವವರೂ ಸಿಗುತ್ತಾರೆ. ಈಗ ಅರ್ಜಿ ಶುಲ್ಕ ಕಟ್ಟಬೇಡಿ. ಊರಿನಲ್ಲಿ ನೀವು ಮಾಡಿದ ಒಂದು ಕೆಲಸ, ನಿಮ್ಮ ತೀರ್ಮಾನದಿಂದಾಗಿ ದಿಕ್ಕು ಬದಲಾದ ಒಂದೇ ಒಂದು ಕೆಲಸವನ್ನು ಒಂದು ಪುಟದಲ್ಲಿ ಬರೆಯಿರಿ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲೇ ಬರೆಯಿರಿ, ಆಮೇಲೆ ಸೇರಿ ಇಂಗ್ಲಿಷಿಗೆ ತರೋಣ. ಮುಂದಿನ ಶನಿವಾರ ಮಧ್ಯಾಹ್ನ ನಾವು ಕೆಲವರು ಇದೇ ಕಟ್ಟಡದ ಓದುವ ಕೋಣೆಯಲ್ಲಿ ಕುಳಿತಿರುತ್ತೇವೆ. ಪಾಳಿ ಮುಗಿಸಿ, ನಿದ್ದೆ ಮಾಡಿಕೊಂಡು, ಆ ಪುಟ ತೆಗೆದುಕೊಂಡು ಬನ್ನಿ.